ಚನ್ನರಾಯಪಟ್ಟಣ ಎಂದು ಬರೆದು ನೋಡಿ

ಹಾಸನ ಜಿಲ್ಲೆಯ ಗೊರೂರಿನಂಥ ಊರಿನಲ್ಲಿ ಈಗ ಡಿಸೈನ್ ಮಾಡುವವರು ಯಾರು ಎಂದು ಕೇಳಿದರೆ ಒಬ್ಬರತ್ತ ಬೆರಳು ತೋರಿಸಲಾಗದು. ಶಾಲೆಯ ವಾರ್ಷಿಕೋತ್ಸವದ ಆಹ್ವಾನ ಮೇಷ್ಟರ ಫೋನಿನಲ್ಲೇ ತಯಾರಾಗುತ್ತದೆ. ಸ್ವಸಹಾಯ ಸಂಘದ ಪುಳಿಯೋಗರೆ ಗೊಜ್ಜಿನ ಲೇಬಲ್ಲನ್ನು ಸದಸ್ಯೆಯೊಬ್ಬರ ಮಗಳು ಕಾಲೇಜಿನ ರಜೆಯಲ್ಲಿ ಮಾಡಿಕೊಡುತ್ತಾಳೆ. ಶೆಟ್ಟಿಹಳ್ಳಿಯ ಮುಳುಗುವ ಚರ್ಚು ನೋಡಲು ಬರುವವರಿಗೆ ಕೋಣೆ ಕೊಡುವವರು ತಮ್ಮ ಜಾಹೀರಾತನ್ನು ತಾವೇ ಬರೆದುಕೊಳ್ಳುತ್ತಾರೆ. ಹೇಮಾವತಿ ಅಣೆಕಟ್ಟು ತುಂಬಿ ಗೇಟು ತೆರೆದ ದಿನವಂತೂ, ಫೋಟೋದ ಮೇಲೆ ‘37 ಟಿಎಂಸಿ’ ಎಂದು ದಪ್ಪಗೆ ಬರೆದ ಕಾರ್ಡು ನದಿಯ ನೀರಿಗಿಂತ ಮೊದಲೇ ಹೊಳೆನರಸೀಪುರ ಮುಟ್ಟಿರುತ್ತದೆ.

ಇದೆಲ್ಲ ಹಿಂದೆ ಹಾಸನದ ಡಿಟಿಪಿ ಅಂಗಡಿಯ ಕೆಲಸವಾಗಿತ್ತು. ಕೈಬರಹದ ಹಾಳೆ ಹಿಡಿದು ಬಸ್ಸು ಹತ್ತಬೇಕು. ಆಪರೇಟರು ನುಡಿ, ಬರಹ, ಶ್ರೀಲಿಪಿ ಎಂಬ ಕನ್ನಡ ತಂತ್ರಾಂಶಗಳಲ್ಲಿ ಯಾವುದಾದರೊಂದರಲ್ಲಿ ಟೈಪು ಮಾಡಿ, ಪೇಜ್‌ಮೇಕರಿನಲ್ಲೋ ಕೋರಲ್‌ಡ್ರಾದಲ್ಲೋ ಜೋಡಿಸಿ, ಒಂದು ಪ್ರೂಫು ಕೈಗೆ ಕೊಡುತ್ತಿದ್ದ. ಈಗ ಆ ಅಂಗಡಿಯ ಜಾಗಕ್ಕೆ ಆನ್‌ಲೈನ್ ವಿನ್ಯಾಸ ಸಾಧನಗಳು ಬಂದು ಕೂತಿವೆ. ಕ್ಯಾನ್ವಾ ಇವುಗಳಲ್ಲಿ ಹೆಚ್ಚು ಪರಿಚಿತವಾದ ಹೆಸರು. ಅಡೋಬಿ ಎಕ್ಸ್‌ಪ್ರೆಸ್, ಮೈಕ್ರೋಸಾಫ್ಟ್ ಡಿಸೈನರ್ ಅದೇ ಜಾತಿಯವು. ಇವು ಒಳ್ಳೆಯವೋ ಕೆಟ್ಟವೋ ಎಂಬ ವಿಮರ್ಶೆ ಇಂಗ್ಲಿಷಿನಲ್ಲಿ ರಾಶಿ ಬಿದ್ದಿದೆ. ಆ ವಿಮರ್ಶಕರಲ್ಲಿ ಯಾರೂ ಸಾಧನವನ್ನು ತೆರೆದು ‘ಚನ್ನರಾಯಪಟ್ಟಣ’ ಎಂದು ಬರೆದು ನೋಡಿದವರಲ್ಲ. ನಮಗೆ ಬೇಕಾದ ವಿಮರ್ಶೆ ಶುರುವಾಗುವುದೇ ಅಲ್ಲಿಂದ.

ಮೊದಲು ಕ್ಯಾನ್ವಾದ ಹುಟ್ಟು ಹೇಳಿಬಿಡುತ್ತೇನೆ, ಏಕೆಂದರೆ ಅದರ ಗುಣ ದೋಷಗಳೆರಡೂ ಅಲ್ಲಿವೆ. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ಓದುತ್ತಿದ್ದ ಮೆಲನಿ ಪರ್ಕಿನ್ಸ್ ಸಹಪಾಠಿಗಳಿಗೆ ವಿನ್ಯಾಸದ ತಂತ್ರಾಂಶ ಹೇಳಿಕೊಡುತ್ತಿದ್ದಳು. ಯಾವ ಗುಂಡಿ ಎಲ್ಲಿದೆ ಎಂದು ಕಲಿಯುವುದರಲ್ಲೇ ತಿಂಗಳುಗಳು ಕಳೆಯುತ್ತಿದ್ದವು. 2007ರಲ್ಲಿ ಅವಳೂ ಕ್ಲಿಫ್ ಒಬ್ರೆಕ್ಟ್‌ನೂ ಸೇರಿ ಶಾಲೆಗಳು ತಮ್ಮ ವಾರ್ಷಿಕ ಸಂಚಿಕೆಯನ್ನು ತಾವೇ ಜೋಡಿಸಿಕೊಳ್ಳುವ ಫ್ಯೂಷನ್ ಬುಕ್ಸ್ ಆರಂಭಿಸಿದರು. ಅದೇ ಯೋಚನೆ ಬೆಳೆದು, ಕ್ಯಾಮರಾನ್ ಆಡಮ್ಸ್ ಜೊತೆಗೂಡಿ, 2013ರಲ್ಲಿ ಕ್ಯಾನ್ವಾ ಆಗಿ ಹೊರಬಂತು. ಕಲಿಯಬೇಕಾಗಿಲ್ಲ, ಸಿದ್ಧ ಟೆಂಪ್ಲೇಟ್ ಆರಿಸಿ ಅಕ್ಷರ ಬದಲಾಯಿಸಿದರೆ ಸಾಕು ಎಂಬುದೇ ಅದರ ಮೂಲ ಮಾತು. ಈ ಮಾತು ನಿಜ. ಆದರೆ ‘ಅಕ್ಷರ ಬದಲಾಯಿಸಿದರೆ’ ಎನ್ನುವಾಗ ಅವರ ಮನಸ್ಸಿನಲ್ಲಿದ್ದದ್ದು ಲ್ಯಾಟಿನ್ ಅಕ್ಷರ. ಟೆಂಪ್ಲೇಟ್ ಎಂದರೆ ಇನ್ನೊಬ್ಬರು ಮೊದಲೇ ಮಾಡಿಟ್ಟ ತೀರ್ಮಾನಗಳ ಕಟ್ಟು: ಸಾಲುಗಳ ನಡುವೆ ಎಷ್ಟು ಜಾಗ, ಪದಕ್ಕೆಷ್ಟು ಅಗಲ, ಶೀರ್ಷಿಕೆ ಹೇಗೆ ಎದ್ದು ಕಾಣಬೇಕು. ಈ ತೀರ್ಮಾನಗಳು ಕನ್ನಡಕ್ಕೆ ಹೊಂದುತ್ತವೆಯೇ ಎಂದು ಯಾರೂ ಕೇಳಿಕೊಂಡಿರಲಿಲ್ಲ.

ಒಂದು ಉಪಕಾರವನ್ನಂತೂ ಒಪ್ಪಿಕೊಳ್ಳಬೇಕು. ನಮ್ಮ ಹಳೆಯ ಕೋರಲ್‌ಡ್ರಾಗೆ ಯೂನಿಕೋಡ್ ಕನ್ನಡ ಕೊಟ್ಟರೆ ಒತ್ತಕ್ಷರ ಬಿಚ್ಚಿಕೊಂಡು ಬೀಳುತ್ತಿತ್ತು. ಫೋಟೋಶಾಪ್, ಇನ್‌ಡಿಸೈನ್‌ಗಳಲ್ಲೂ ದಕ್ಷಿಣ ಏಷ್ಯಾದ ಲಿಪಿಗಳಿಗೆಂದು ಬೇರೆ ಸಂಯೋಜಕವನ್ನು ಹುಡುಕಿ ಆರಿಸಬೇಕಿತ್ತು. ಆನ್‌ಲೈನ್ ಸಾಧನ ನಡೆಯುವುದು ಬ್ರೌಸರಿನೊಳಗೆ. ವ್ಯಂಜನ, ಹಲಂತ, ವ್ಯಂಜನವನ್ನು ಕೂಡಿಸಿ ಒತ್ತು ಕಟ್ಟುವ ವಿದ್ಯೆಯನ್ನು ಬ್ರೌಸರುಗಳು ಎಂದೋ ಕಲಿತಿವೆ. ಹಾಗಾಗಿ ‘ರಾಷ್ಟ್ರೀಯ’, ‘ಸ್ವಾತಂತ್ರ್ಯ’ ಎಂಬ ಪದಗಳು ಇಲ್ಲಿ ಸುಮ್ಮನೆ ಸರಿಯಾಗಿ ಬಂದುಬಿಡುತ್ತವೆ. ಡಿಟಿಪಿ ಕಾಲದಲ್ಲಿ ಇದಕ್ಕಾಗಿ ಪಟ್ಟ ಪಾಡು ಗೊತ್ತಿದ್ದವರಿಗೆ ಇದು ಸಣ್ಣ ವಿಷಯವಲ್ಲ.

ಆದರೆ ‘ಗೊರೂರು’ ಎಂದು ಬರೆದು ಸಾಧನ ಪಾಸಾಯಿತೆನ್ನಬೇಡಿ. ಮೂರು ಅಕ್ಷರ, ಒಂದೂ ಒತ್ತಿಲ್ಲ. ಯಾವ ಸಾಧನವೂ ಇದರಲ್ಲಿ ಫೇಲಾಗುವುದಿಲ್ಲ. ‘ಹಾಸನ’ವೂ ಅಷ್ಟೇ ಸಾಧು. ಪರೀಕ್ಷೆ ಇರುವುದು ಅಕ್ಕಪಕ್ಕದ ಊರುಗಳಲ್ಲಿ. ಚನ್ನರಾಯಪಟ್ಟಣ, ಹೊಳೆನರಸೀಪುರ, ಶ್ರವಣಬೆಳಗೊಳ ಮೂರೂ ಏಳೇಳು ಅಕ್ಷರದ ಹೆಸರುಗಳು. ನಾಲ್ಕೈದು ಇಂಗ್ಲಿಷ್ ಅಕ್ಷರಕ್ಕೆ ಅಳತೆ ತೆಗೆದ ಚೌಕದಲ್ಲಿ ಇವನ್ನು ಹಾಕಿದರೆ ಸಾಧನ ಪದವನ್ನು ತನಗೆ ತೋಚಿದಲ್ಲಿ ಕತ್ತರಿಸಿ ‘ಹೊಳೆನರ’ ಎಂದು ಮೇಲೆ, ‘ಸೀಪುರ’ ಎಂದು ಕೆಳಗೆ ಇಡುತ್ತದೆ. ಆಗ ಅಕ್ಷರದ ಗಾತ್ರ ಇಳಿಸುವುದೊಂದೇ ದಾರಿ ಎಂದು ಬಳಕೆದಾರ ತಿಳಿಯುತ್ತಾನೆ. ಕೊನೆಗೆ ಊರಿನ ಹೆಸರು ಹೂವಿನ ಚಿತ್ರಕ್ಕಿಂತ ಚಿಕ್ಕದಾಗುತ್ತದೆ. ಚೌಕವನ್ನು ಅಗಲ ಮಾಡಿ ಹೂವನ್ನು ಅಳಿಸುವುದು ಸರಿಯಾದ ಮದ್ದು. ಟೆಂಪ್ಲೇಟಿನ ಹೂವನ್ನು ಅಳಿಸಲು ನಮ್ಮ ಜನಕ್ಕೆ ಯಾಕೋ ಕೈ ಬರುವುದಿಲ್ಲ.

ಸಾಲಿನ ನಡುವಿನ ಜಾಗ ಇನ್ನೂ ದೊಡ್ಡ ತೊಡಕು. ಇಂಗ್ಲಿಷಿನ ದೊಡ್ಡಕ್ಷರಗಳು ಮೇಲೂ ಕೆಳಗೂ ಚಾಚುವುದಿಲ್ಲವಾದ್ದರಿಂದ ಟೆಂಪ್ಲೇಟ್ ಮಾಡಿದವರು ಸಾಲುಗಳನ್ನು ಒತ್ತೊತ್ತಾಗಿ ಕೂರಿಸಿರುತ್ತಾರೆ. ಕನ್ನಡ ಹಾಗಲ್ಲ, ಮೇಲೆ ಗುಡಿಸು, ಕೆಳಗೆ ಒತ್ತು. ‘ಚನ್ನರಾಯಪಟ್ಟಣ’ದ ಕೆಳಗೆ ‘ಶ್ರೀ ಯೋಗಾನರಸಿಂಹಸ್ವಾಮಿ’ ಬರೆಯಿರಿ, ನಕಾರದ ಒತ್ತೂ ಟಕಾರದ ಒತ್ತೂ ಕೆಳಗಿನ ಸಾಲಿನ ತಲೆಗೆ ತಗಲುತ್ತವೆ. ಸಾಲಿನ ಅಂತರವನ್ನು ಒಂದೂಕಾಲರಿಂದ ಒಂದೂವರೆಯವರೆಗೆ ಏರಿಸಿದರೆ ಉಸಿರಾಡುತ್ತದೆ. ಅಕ್ಷರಗಳ ನಡುವಿನ ಅಂತರಕ್ಕೆ ಇದರ ಉಲ್ಟಾ ನಿಯಮ. ಇಂಗ್ಲಿಷ್ ಶೀರ್ಷಿಕೆಗಳಲ್ಲಿ ಅಕ್ಷರಗಳನ್ನು ಬಿಡಿಬಿಡಿಯಾಗಿ ಹರಡುವುದು ಶೋಕಿ. ಆ ಟೆಂಪ್ಲೇಟಿನ ಮೇಲೆ ಕನ್ನಡ ಟೈಪು ಮಾಡಿದರೆ ಆ ಅಂತರ ಹಾಗೇ ಉಳಿದು, ಒತ್ತು ತನ್ನ ಅಕ್ಷರದಿಂದ ದೂರ ಸರಿದು ಅನಾಥವಾಗಿ ನಿಲ್ಲಬಹುದು. ಅದನ್ನು ಸೊನ್ನೆಗೆ ತರುವುದು ಕನ್ನಡ ಟೈಪು ಮಾಡಿದ ಕೂಡಲೇ ಮಾಡಬೇಕಾದ ಮೊದಲ ಕೆಲಸ. ಅಕ್ಷರವನ್ನು ಕಮಾನಿನಂತೆ ಬಗ್ಗಿಸುವ ಸೌಲಭ್ಯವನ್ನು ದೇವಸ್ಥಾನದ ಪೋಸ್ಟರಿಗೆ ಬಳಸುವ ಆಸೆ ಎಲ್ಲರಿಗೂ ಬರುತ್ತದೆ. ‘ಬ್ರಹ್ಮರಥೋತ್ಸವ’ವನ್ನು ಒಮ್ಮೆ ಬಗ್ಗಿಸಿ, ಪ್ರತಿ ಒತ್ತೂ ತನ್ನ ಜಾಗದಲ್ಲಿದೆಯೇ ಎಂದು ನೋಡಿಯೇ ಮುಂದುವರಿಯಬೇಕು.

ಇನ್ನೊಂದು ಪರೀಕ್ಷಾ ಪದ ‘ರ‍್ಯಾಲಿ’. ನೇರವಾಗಿ ಟೈಪು ಮಾಡಿದರೆ ‘ರ್ಯಾಲಿ’ ಎಂದು ಅರ್ಕಾವತ್ತಿನೊಡನೆ ಬರುತ್ತದೆ, ಓದುವವನು ಎಡವುತ್ತಾನೆ. ರಕಾರದ ನಂತರ ಕಣ್ಣಿಗೆ ಕಾಣದ ಜೋಡಕ ಚಿಹ್ನೆಯೊಂದನ್ನು ಸೇರಿಸಿದರೆ ಮಾತ್ರ ಸರಿಯಾದ ರೂಪ ಸಿಗುತ್ತದೆ. ಇದು ಸಾಧನದ ತಪ್ಪಲ್ಲ, ಕೀಲಿಮಣೆಯ ಸಮಸ್ಯೆ. ಜಿಲ್ಲೆಯ ಗೋಡೆಗಳ ಮೇಲೆ ಎಷ್ಟು ಪಕ್ಷದ ಎಷ್ಟು ‘ರ್ಯಾಲಿ’ಗಳು ಹೀಗೆ ನಡೆದುಹೋಗಿವೆಯೋ.

ಫಾಂಟಿನ ವಿಷಯಕ್ಕೆ ಬಂದರೆ ಹದಿನೈದು ವರ್ಷದ ಹಿಂದಿನ ಬಡತನ ಈಗಿಲ್ಲ. ಮುಕ್ತವಾಗಿ ಸಿಗುವ ಯೂನಿಕೋಡ್ ಕನ್ನಡ ಫಾಂಟುಗಳಲ್ಲಿ ಕೆಲವು ನಿಜಕ್ಕೂ ಚೆನ್ನಾಗಿವೆ. ನೋಟೋ ಸಾನ್ಸ್ ಕನ್ನಡ ತೆಳುವಿನಿಂದ ಕಡುದಪ್ಪದವರೆಗೆ ಹಲವು ತೂಕಗಳಲ್ಲಿದೆ. ಮುಖದಲ್ಲಿ ಕಳೆ ಇಲ್ಲ, ಆದರೆ ಎಂದೂ ಕೈ ಕೊಡುವುದಿಲ್ಲ. ಏಕ್ ಟೈಪ್ ಸಂಸ್ಥೆಯ ಬಲೂ ತಮ್ಮ ದುಂಡಗೆ ದಪ್ಪಗಿದ್ದು ಮಕ್ಕಳ ಕಾರ್ಯಕ್ರಮಕ್ಕೂ ಅಂಗಡಿ ಬೋರ್ಡಿಗೂ ಹೊಂದುತ್ತದೆ. ಅದೇ ಸಂಸ್ಥೆಯ ಅನೇಕ್ ಕನ್ನಡದಲ್ಲಿ ತೂಕದ ಜೊತೆ ಅಗಲವನ್ನೂ ಕುಗ್ಗಿಸಿ ಹಿಗ್ಗಿಸಬಹುದು. ಹೊಳೆನರಸೀಪುರವನ್ನು ಒಂದೇ ಸಾಲಿನಲ್ಲಿ ಕೂರಿಸಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಾಣೆ. ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಾಯ ಕನಡಕ ಕೈಬರಹದ ಚುರುಕುಳ್ಳದ್ದು. ಟೀರೋ ಕನ್ನಡ ಎಂಬುದು ಮೂರ್ತಿ ಕ್ಲಾಸಿಕಲ್ ಲೈಬ್ರರಿಯ ಪುಸ್ತಕಗಳಿಗಾಗಿ ಮಾಡಿದ ಅಕ್ಷರಗಳಿಂದ ಬೆಳೆದದ್ದು. ಆಹ್ವಾನ ಪತ್ರಿಕೆಯ ಒಳಪುಟಕ್ಕೆ ಗಾಂಭೀರ್ಯ ತರುತ್ತದೆ. ಆನ್‌ಲೈನ್ ಸಾಧನಗಳಲ್ಲಿ ಕನ್ನಡಕ್ಕೆಂದು ಸಿಗುವುದು ಹೆಚ್ಚುಕಡಿಮೆ ಇದೇ ಬಳಗ. ಇಂಗ್ಲಿಷಿಗಿರುವ ಸಾವಿರಾರರ ಮುಂದೆ ಇದು ಬೆರಳೆಣಿಕೆ ಎಂಬುದು ನಿಜ. ಒಂದು ಪೋಸ್ಟರಿಗೆ ಬೇಕಾದ್ದು ಎರಡೇ ಫಾಂಟು ಎಂಬುದೂ ಅಷ್ಟೇ ನಿಜ.

ಇಲ್ಲೊಂದು ಎಡವುವ ಜಾಗ ಇದೆ. ಟೆಂಪ್ಲೇಟಿನ ಇಂಗ್ಲಿಷ್ ಫಾಂಟಿನಲ್ಲಿ ಕನ್ನಡ ಅಕ್ಷರಗಳೇ ಇರುವುದಿಲ್ಲ. ನಾವು ಕನ್ನಡ ಟೈಪು ಮಾಡಿದರೆ ಸಾಧನ ಗುಟ್ಟಾಗಿ ಬೇರೊಂದು ಫಾಂಟು ತಂದು ಹಾಕುತ್ತದೆ. ಮೇಲೆ ಹೆಸರು ಮಾತ್ರ ಹಳೆಯದೇ ಕಾಣುತ್ತದೆ. ದಪ್ಪ ಮಾಡಿದರೂ ದಪ್ಪವಾಗದಿದ್ದರೆ, ಕನ್ನಡವೂ ಇಂಗ್ಲಿಷೂ ಬೇರೆ ಬೇರೆ ಮನೆಯವರಂತೆ ಕಂಡರೆ, ಕಾರಣ ಇದು. ಕನ್ನಡ ಫಾಂಟನ್ನು ಹೆಸರು ಹಿಡಿದು ಆರಿಸಬೇಕು. ನಮ್ಮದೇ ಫಾಂಟು ಏರಿಸುತ್ತೇವೆಂದರೆ ಕ್ಯಾನ್ವಾ ಹಣ ಕೇಳುತ್ತದೆ. ಆಂಡ್ರಾಯ್ಡ್ ಫೋನಿನ ಪಿಕ್ಸೆಲ್‌ಲ್ಯಾಬ್ ಇದನ್ನು ಪುಕ್ಕಟೆ ಬಿಡುತ್ತದೆ. ಹಳ್ಳಿಯ ಯುವಕರ ಕೈಯಲ್ಲಿ ಅದು ಇನ್ನೂ ಉಳಿದಿರುವ ಗುಟ್ಟು ಇದೇ ಇರಬೇಕು.

ನುಡಿ ಮತ್ತು ಬರಹದ ಹಳೆಯ ಕಡತಗಳದು ಬೇರೆ ಕತೆ. ಶೇಷಾದ್ರಿ ವಾಸು ಅವರ ಬರಹ 1998ರಲ್ಲಿ ಬಂದಾಗ, ಅನಂತರ ಕನ್ನಡ ಗಣಕ ಪರಿಷತ್ತಿನ ನುಡಿ ಸರ್ಕಾರಿ ಕಚೇರಿಗಳಲ್ಲಿ ನೆಲೆಸಿದಾಗ, ಕನ್ನಡ ಸಾಮಾನ್ಯರ ಕಂಪ್ಯೂಟರಿಗೆ ಇಳಿದದ್ದು ಬಹುಮಟ್ಟಿಗೆ ಅವುಗಳಿಂದ. ಆ ಋಣ ದೊಡ್ಡದು. ಆದರೆ ಆ ಕಾಲದ ಫಾಂಟುಗಳು ಲ್ಯಾಟಿನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ್ದವು. ಪಂಚಾಯಿತಿಯ ಹಳೆಯ ಕಡತದಿಂದ ಒಂದು ಪ್ಯಾರಾ ನಕಲು ಮಾಡಿ ಕ್ಯಾನ್ವಾಗೆ ಅಂಟಿಸಿದರೆ ಬರುವುದು ತಲೆಬುಡವಿಲ್ಲದ ಲ್ಯಾಟಿನ್ ಚಿಹ್ನೆಗಳ ಸಾಲು. ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳಿವೆ. ಪರಿವರ್ತಿಸಿದ ಮೇಲೆ ಅರ್ಕಾವತ್ತುಗಳ ಮೇಲೊಮ್ಮೆ ಕಣ್ಣಾಡಿಸಬೇಕು.

ಅಕ್ಷರದಿಂದ ಮೇಲೆದ್ದು ಇಡೀ ಪುಟ ನೋಡಿದರೆ ನಗು ಬರುವ ಅಂತರವೊಂದು ಕಾಣುತ್ತದೆ. ಕ್ಯಾನ್ವಾದ ಮದುವೆ ಟೆಂಪ್ಲೇಟಿನಲ್ಲಿ ಎರಡು ಹೆಸರು, ಒಂದು ತಾರೀಖು, ಒಂದು ಜಾಗ, ಮಿಕ್ಕದ್ದೆಲ್ಲ ಖಾಲಿ ಬಿಳಿ. ನಮ್ಮ ಲಗ್ನಪತ್ರಿಕೆಯಲ್ಲಿ ಮೇಲೆ ಕುಲದೇವರು, ಕೆಳಗೆ ಸಂವತ್ಸರ, ಮಾಸ, ತಿಥಿ, ನಕ್ಷತ್ರ, ಲಗ್ನ, ಎರಡೂ ಕಡೆಯ ಅಜ್ಜ ಅಜ್ಜಿ, ದಿವಂಗತರಾದವರು, ಸುಖಾಗಮನ ಬಯಸುವ ಚಿಕ್ಕಪ್ಪಂದಿರು. ಫ್ಲೆಕ್ಸ್ ಇನ್ನೂ ಕಠಿಣ. 1996ರಲ್ಲಿ ದೇಶಕ್ಕೊಬ್ಬ ಪ್ರಧಾನಿಯನ್ನು ಕೊಟ್ಟ ಹೊಳೆನರಸೀಪುರದ ಸೀಮೆಯಲ್ಲಿ ಫ್ಲೆಕ್ಸ್ ಎಂದರೆ ದೊಡ್ಡ ಮುಖ ಒಂದು, ಮಧ್ಯಮ ಮುಖ ನಾಲ್ಕು, ‘ಶುಭ ಕೋರುವವರು’ ಎಂಬ ಸಾಲಿನಲ್ಲಿ ಸಣ್ಣ ಮುಖ ಇಪ್ಪತ್ತು. ಯಾರ ಮುಖ ಎಷ್ಟು ದೊಡ್ಡದು ಎಂಬುದರಲ್ಲಿ ಊರಿನ ರಾಜಕೀಯವೆಲ್ಲ ಅಡಗಿರುತ್ತದೆ. ಸಿಡ್ನಿಯಲ್ಲಿ ಕೂತವರಿಗೆ ಇಂಥ ಟೆಂಪ್ಲೇಟ್ ಹೊಳೆಯುವುದು ಸಾಧ್ಯವಿಲ್ಲ. ನಮ್ಮ ದೇಶದ ಕ್ರಾಫ್ಟೋದಂಥ ಆ್ಯಪುಗಳು ಹಬ್ಬದ ಶುಭಾಶಯದ ಮೂಲೆಯಲ್ಲಿ ನಮ್ಮ ಮುಖವನ್ನು ತಾವೇ ಕೂರಿಸಿಕೊಡುತ್ತವೆ; ಮಾರುಕಟ್ಟೆಯ ನಾಡಿ ಅವರಿಗೆ ಸಿಕ್ಕಿದೆ. ಅಂದಚಂದದ ಮಾತು ಬೇಡ.

ಕ್ಯಾನ್ವಾದಲ್ಲೇ ಇಪ್ಪತ್ತು ಮುಖದ ಫ್ಲೆಕ್ಸ್ ಮಾಡುತ್ತೇನೆಂದರೆ ಮಾಡಬಹುದು, ಲೆಕ್ಕ ಗೊತ್ತಿರಬೇಕು ಅಷ್ಟೆ. ಹತ್ತು ಅಡಿ ಅಗಲ ಆರು ಅಡಿ ಎತ್ತರ ಎಂದರೆ 120 ಇಂಚು, 72 ಇಂಚು. ಅದನ್ನು 20 ಇಂಚು, 12 ಇಂಚಿನ ಪುಟದಲ್ಲಿ ಮಾಡಿ ಪಿಡಿಎಫ್ ಇಳಿಸಿಕೊಂಡರೆ ಮುದ್ರಕರು ಆರು ಪಟ್ಟು ಹಿಗ್ಗಿಸುತ್ತಾರೆ. ಅಕ್ಷರ ಮತ್ತು ಗೆರೆಗಳು ಎಷ್ಟು ಹಿಗ್ಗಿದರೂ ಮಸುಕಾಗುವುದಿಲ್ಲ. ಮಸುಕಾಗುವುದು ಫೋಟೋ. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಬಂದ ಫೋಟೋದ ಉದ್ದನೆಯ ಬದಿ ಸುಮಾರು 1600 ಪಿಕ್ಸೆಲ್ಲಿಗೆ ಇಳಿದಿರುತ್ತದೆ. ಅದನ್ನು ಮೂರಡಿ ಎತ್ತರಕ್ಕೆ ನಿಲ್ಲಿಸಿದರೆ ಇಂಚಿಗೆ 44 ಚುಕ್ಕಿ; ರಸ್ತೆಯಾಚೆಯಿಂದ ನೋಡುವವರಿಗೆ ಅಡ್ಡಿಯಿಲ್ಲ. ಅದೇ ಫೋಟೋವನ್ನು ಹಿನ್ನೆಲೆಯಾಗಿ ಹತ್ತಡಿಗೂ ಹಾಸಿದರೆ ಇಂಚಿಗೆ 13 ಚುಕ್ಕಿ ಉಳಿದು, ತುಂಬಿದ ಹೇಮಾವತಿ ಕಂಬಳಿಯಂತೆ ಕಾಣುತ್ತದೆ. ಫೋಟೋ ತರಿಸಿಕೊಳ್ಳುವಾಗ ‘ಡಾಕ್ಯುಮೆಂಟ್’ ಆಗಿ ಕಳಿಸಿ ಎಂದರೆ ಈ ಕಷ್ಟವಿಲ್ಲ. ಬಣ್ಣ ಇನ್ನೊಂದು. ಪರದೆಯ ಬೆಳಕಿನ ಬಣ್ಣ ಬೇರೆ, ಶಾಯಿಯ ನಾಲ್ಕು ಬಣ್ಣದ ಲೆಕ್ಕ ಬೇರೆ; ಆ ಲೆಕ್ಕದಲ್ಲಿ ಇಳಿಸಿಕೊಳ್ಳುವುದು ಕ್ಯಾನ್ವಾದ ಹಣ ಕೊಟ್ಟವರಿಗಷ್ಟೇ. ಕಣ್ಣು ಕುಕ್ಕುವ ಹಸಿರು, ನೀಲಿಗಳು ಕಾಗದಕ್ಕೆ ಬಂದಾಗ ಪೆಚ್ಚಾಗುತ್ತವೆ. ಕುಂಕುಮ ಕೆಂಪು, ಅರಿಸಿನ ಹಳದಿ ಅಷ್ಟು ಮೋಸ ಮಾಡುವುದಿಲ್ಲ.

ಇದೆಲ್ಲ ಹೇಳಿದರೂ, ಪ್ಲಾಸ್ಟಿಕ್ ಫ್ಲೆಕ್ಸನ್ನು ರಾಜ್ಯ ಸರ್ಕಾರ 2016ರಲ್ಲೇ ನಿಷೇಧಿಸಿದೆ. ಅದರ ಜಾಗಕ್ಕೆ ಬರಬೇಕಾದ ಬಟ್ಟೆಯ ಬ್ಯಾನರಿನಲ್ಲಿ ಸಣ್ಣ ವಿವರ ನಿಲ್ಲುವುದಿಲ್ಲ. ದೊಡ್ಡ ಅಕ್ಷರ, ಎರಡು ಬಣ್ಣ, ಕಡಿಮೆ ಮಾತು. ವಿನ್ಯಾಸದ ದೃಷ್ಟಿಯಿಂದ ಆ ನಿಷೇಧ ಸರಿಯಾಗಿ ಜಾರಿಯಾಗಿದ್ದರೆ ನಮ್ಮ ಬೀದಿಗಳು ಎಷ್ಟೋ ಚೆನ್ನಾಗಿರುತ್ತಿದ್ದವು.

ಅಂಗಡಿ ಬೋರ್ಡು ಮಾಡುವವರು ಟೆಂಪ್ಲೇಟಿನ ಮಾತು ಕೇಳಲೇಬಾರದು. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ಆದ ತಿದ್ದುಪಡಿಯಂತೆ ನಾಮಫಲಕದ ಶೇಕಡ 60 ಭಾಗ ಕನ್ನಡವಿರಬೇಕು, ಅದೂ ಮೇಲರ್ಧದಲ್ಲಿ. ಟೆಂಪ್ಲೇಟುಗಳು ಕಟ್ಟಿಕೊಡುವುದು ಇದರ ತಲೆಕೆಳಗು: ಇಂಗ್ಲಿಷ್ ಹೆಸರು ಮೆರೆಯುತ್ತಿರುತ್ತದೆ, ಅಡಿಯಲ್ಲಿ ಒಂದು ಸಣ್ಣ ಸಾಲಿಗೆ ಜಾಗ. ಪುಟದ ಮಧ್ಯಕ್ಕಿಂತ ಸ್ವಲ್ಪ ಕೆಳಗೆ ಅಡ್ಡ ಗೆರೆ ಎಳೆದು, ಮೇಲಿನದು ಕನ್ನಡಕ್ಕೆಂದು ಮೀಸಲಿಟ್ಟು ಶುರು ಮಾಡುವುದು ಕ್ಷೇಮ. ಹಾಸನದ ಕಡೆಯಿಂದ ಹೋಗಿ ಬೆಂಗಳೂರು ತುಂಬ ಹರಡಿದ ಅಯ್ಯಂಗಾರ್ ಬೇಕರಿಗಳ ಹಳೆಯ ಬೋರ್ಡುಗಳನ್ನು ನೆನಪಿಸಿಕೊಳ್ಳಿ. ಹೆಸರು, ಊರು, ಮುಗಿಯಿತು, ಗಿರಾಕಿ ತಪ್ಪಿಸಿಕೊಳ್ಳಲಿಲ್ಲ.

ಆಹಾರದ ಲೇಬಲ್ಲಿನಲ್ಲಿ ಮಾತ್ರ ಕನ್ನಡವೊಂದೇ ಸಾಲದು. ಎಫ್‌ಎಸ್‌ಎಸ್‌ಎಐ ನಿಯಮದಂತೆ ಕಡ್ಡಾಯ ವಿವರಗಳು ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿರಬೇಕು. ಜೊತೆಗೆ ಕನ್ನಡ ಹಾಕಿಕೊಳ್ಳಬಹುದು. ಪದಾರ್ಥಗಳ ಪಟ್ಟಿ, ನಿವ್ವಳ ತೂಕ, ತಯಾರಿಸಿದ ದಿನ, ಬಳಕೆಯ ಗಡುವು, ಪರವಾನಗಿ ಸಂಖ್ಯೆ, ಚೌಕದೊಳಗಿನ ಹಸಿರು ಚುಕ್ಕಿ, ಇವು ಯಾವುದಕ್ಕೂ ಅಂದದ ಟೆಂಪ್ಲೇಟುಗಳಲ್ಲಿ ಜಾಗ ಬಿಟ್ಟಿರುವುದಿಲ್ಲ. ಲೋಗೋ ವಿಷಯದಲ್ಲೂ ಸಂಘದವರು ಎಚ್ಚರದಿಂದಿರಬೇಕು. ಕ್ಯಾನ್ವಾದ ಸಂಗ್ರಹದಲ್ಲಿರುವ ಚಿತ್ರ ಎಲ್ಲರಿಗೂ ಸೇರಿದ್ದು. ಅದನ್ನೇ ಗುರುತಾಗಿಸಿಕೊಂಡರೆ ಟ್ರೇಡ್‌ಮಾರ್ಕ್ ಮಾಡಿಸಲಾಗದು. ನಾಳೆ ಅರಕಲಗೂಡಿನ ಇನ್ನೊಂದು ಸಂಘ ಅದೇ ಎಲೆ, ಅದೇ ಬಟ್ಟಲು ಹಾಕಿಕೊಂಡರೆ ಕೇಳುವಂತಿಲ್ಲ. ಅಂಗಳದಲ್ಲಿ ದಿನವೂ ರಂಗೋಲಿ ಹಾಕುವ ಕೈ ಸಂಘದಲ್ಲೇ ಇರುವಾಗ, ಅದೇ ಕೈಯಿಂದ ಕಾಗದದ ಮೇಲೆ ಬರೆಸಿ, ಫೋಟೋ ತೆಗೆದು ಏರಿಸುವುದೇ ಉತ್ತಮ.

ಹಣ ಕೊಡಬೇಕೇ ಎಂಬ ಪ್ರಶ್ನೆಗೆ ನನ್ನ ಉತ್ತರ: ಶಾಲೆಯವರು ಕೊಡಬೇಕಾಗಿಲ್ಲ. ಶಾಲಾ ಶಿಕ್ಷಕರಿಗೆ ಕ್ಯಾನ್ವಾದ ಶಿಕ್ಷಣ ಆವೃತ್ತಿ ಉಚಿತ. ಶಿಕ್ಷಕರೆಂಬ ದಾಖಲೆ ಕೊಟ್ಟರೆ ಹಣ ತೆತ್ತವರ ಬಹುತೇಕ ಸೌಲಭ್ಯ ಸಿಗುತ್ತದೆ. ನೋಂದಾಯಿತ ಸೇವಾಸಂಸ್ಥೆಗಳಿಗೂ ಅಂಥದೇ ವ್ಯವಸ್ಥೆಯಿದೆ. ಉಳಿದವರಿಗೆ ವರ್ಷಕ್ಕೆ ನಾಲ್ಕು ಪೋಸ್ಟರಿಗಾಗಿ ಚಂದಾ ದಂಡ. ಸ್ಮರಣ ಸಂಚಿಕೆ, ಪುಸ್ತಕಗಳನ್ನಂತೂ ಇದರಲ್ಲಿ ಮಾಡಲೇಬೇಡಿ. ನೂರು ಪುಟ ಕನ್ನಡ ಹರಿಸುವ ಕೆಲಸ ಇದರದ್ದಲ್ಲ. ಅದಕ್ಕೆ ಸ್ಕ್ರೈಬಸ್ ಎಂಬ ಉಚಿತ ತಂತ್ರಾಂಶವಿದೆ, 2024ರಲ್ಲಿ ಬಂದ 1.6ರ ಆವೃತ್ತಿಯಲ್ಲಿ ಭಾರತೀಯ ಲಿಪಿಗಳು ಸರಿಯಾಗಿ ಕೂರುತ್ತವೆ. ಕಲಿಯಲು ತಾಳ್ಮೆ ಬೇಕು. ಇಲ್ಲವೆ ಡಿಟಿಪಿ ಅಂಗಡಿಗೇ ಹೋಗಿ, ಅವರೂ ಬದುಕಲಿ. ಕೃತಕ ಬುದ್ಧಿಮತ್ತೆಗೆ ಹೇಳಿ ಪೋಸ್ಟರ್ ಬರೆಸುವ ಹೊಸ ಚಾಳಿಯ ಬಗ್ಗೆ ಇಷ್ಟೇ: ಚಿತ್ರ ಬೇಕಾದರೆ ಅದರಿಂದ ತೆಗೆದುಕೊಳ್ಳಿ, ಅಕ್ಷರವನ್ನು ನೀವೇ ಟೈಪು ಮಾಡಿ. ಅದು ಬರೆಯುವ ಕನ್ನಡ ಎಷ್ಟೋ ಸಲ ಕನ್ನಡದಂತೆ ಕಾಣುತ್ತದೆ, ಓದಲು ಹೋದರೆ ಒಂದಕ್ಷರವೂ ಇರುವುದಿಲ್ಲ.

ಡಿಟಿಪಿ ಅಂಗಡಿ ಹೋದದ್ದರಿಂದ ಕಳೆದುಕೊಂಡದ್ದು ವಿನ್ಯಾಸವಲ್ಲ. ಆ ಅಂಗಡಿಗಳ ವಿನ್ಯಾಸವನ್ನು ಹೊಗಳುವ ಧೈರ್ಯ ನನಗಿಲ್ಲ. ಪ್ರತಿ ಮೂಲೆಗೂ ಒಂದು ಬಳ್ಳಿ, ಪ್ರತಿ ಅಕ್ಷರಕ್ಕೂ ಒಂದು ನೆರಳು. ಹೋದದ್ದು ಪ್ರೂಫು. ಆಪರೇಟರ್ ಹಾಳೆ ಕೈಗಿತ್ತು ‘ಓದಿ ಸಹಿ ಹಾಕಿ’ ಎನ್ನುತ್ತಿದ್ದ. ತಪ್ಪಿದ್ದರೆ ಹೊಣೆ ನಿಮ್ಮದಾಗುವುದರಿಂದ ನೀವು ಓದುತ್ತಿದ್ದಿರಿ, ಮನೆಗೆ ತಂದು ಇನ್ನೊಬ್ಬರಿಂದ ಓದಿಸುತ್ತಿದ್ದಿರಿ. ಈಗ ಬರೆದವನೇ ಜೋಡಿಸಿ, ಜೋಡಿಸಿದವನೇ ಗುಂಡಿ ಒತ್ತಿ, ಅರ್ಧ ನಿಮಿಷದಲ್ಲಿ ನೂರು ಜನಕ್ಕೆ ಕಳಿಸಿಬಿಡುತ್ತಾನೆ. ಇಂಗ್ಲಿಷ್ ಕಾಗುಣಿತ ತಪ್ಪಿದರೆ ಕೆಂಪು ಗೆರೆ ಬರುತ್ತದೆ. ಕನ್ನಡಕ್ಕೆ ಅದನ್ನು ನೆಚ್ಚಿಕೊಂಡು ಕೂರುವಂತಿಲ್ಲ. ಆದ್ದರಿಂದ ಕಳಿಸುವ ಮೊದಲು ಪಿಡಿಎಫ್ ಇಳಿಸಿ, ಅದನ್ನು ಬರೆಯದ ಒಬ್ಬರಿಗೆ ಕೊಟ್ಟು, ಗಟ್ಟಿಯಾಗಿ ಓದಿಸಬೇಕು. ನಿವೃತ್ತ ಕನ್ನಡ ಮೇಷ್ಟರು ಸಿಕ್ಕರೆ ಭಾಗ್ಯ. ಹೆಸರುಗಳನ್ನು ಆಯಾ ಮನೆಯವರಿಂದಲೇ ಓದಿಸಬೇಕು. ಮುಖ್ಯವಾಗಿ ತಿಥಿ, ವಾರ, ತಾರೀಖು ಮೂರನ್ನೂ ಪಂಚಾಂಗದ ಜೊತೆ ತಾಳೆ ನೋಡಬೇಕು, ಏಕೆಂದರೆ ಈ ಸಾಧನಗಳಲ್ಲಿ ಎಲ್ಲರೂ ಮಾಡುವುದು ಹೋದ ವರ್ಷದ ಪೋಸ್ಟರನ್ನೇ ನಕಲು ತೆಗೆದು ತಿದ್ದುವುದು; ತಾರೀಖು ಬದಲಾಗುತ್ತದೆ, ಪಕ್ಕದ ‘ಭಾನುವಾರ’ ಹಾಗೇ ಉಳಿಯುತ್ತದೆ, ಅರ್ಧ ಊರು ಶನಿವಾರ ಬರುತ್ತದೆ, ಉಳಿದರ್ಧ ಭಾನುವಾರ.